ಬೆಂಗಳೂರು-4ಕ್ಕೆ ಬಂದ ಕಾರ್ಡು

ಮೊನ್ನೆ ಬೆಳಿಗ್ಗೆ ದಾಸವಾಳದ ಗಿಡಕ್ಕೆ ನೀರು ಹಾಕ್ತಾ ಇದ್ದೆ. ಪಕ್ಕದ ಮನೆ ರಾಯರು ಕಾಂಪೌಂಡ್ ಗೋಡೆಯ ಆ ಕಡೆಯಿಂದ ಕೈ ಚಾಚಿ, "ತಗೋಮ್ಮ, ನಿನ್ನೆ ನೀವ್ಯಾರೂ ಮನೇಲಿರಲಿಲ್ಲ, ಪೋಸ್ಟ್‌ಮನ್ ನಮ್ಮಲ್ಲಿ ಕೊಟ್ಟುಹೋದ" ಅಂತ ಒಂದು ಕಾರ್ಡು ಕೊಟ್ಟರು. ಕೊಟ್ಟವರು ಒಳಗೆ ಹೋಗಲಿಲ್ಲ, ಅಲ್ಲೇ ನಿಂತರು. "ಕಾರ್ಡು ತಾನೇ, ನಾನೇನೂ ಓದಲಿಲ್ಲಮ್ಮ" ಅಂದರು. ಒಂದು ಗಳಿಗೆ ಬಿಟ್ಟು ಕನ್ನಡಕ ಸರಿಮಾಡಿಕೊಂಡು, "ಪಾಪ, ಅವರ ಮಂಡಿನೋವು ಈಗ ಹೇಗಿದೆಯಂತೆ?" ಅಂತ ಕೇಳಿದರು.

ಕಾರ್ಡು ಅಂದರೆ ಹಾಗೇ ಅಲ್ವಾ? ಮುಚ್ಚಿಡೋಕೆ ಅದಕ್ಕೆ ಮಡಿಕೆಯೂ ಇಲ್ಲ, ಅಂಟೂ ಇಲ್ಲ. ಕಣ್ಣಿಗೆ ಬಿದ್ದದ್ದನ್ನು ಕಣ್ಣು ಓದದೆ ಬಿಡುತ್ತದೆಯೇ?

ಕಾರ್ಡು ತೀರ್ಥಹಳ್ಳಿ ಕಡೆಯ ನಮ್ಮ ಸೋದರತ್ತೆಯದು. ಎಂಬತ್ತೆಂಟು ವರ್ಷ, ಅಕ್ಷರ ಇನ್ನೂ ಮುತ್ತು ಪೋಣಿಸಿದ ಹಾಗೆ. ನೆತ್ತಿಯ ಮೇಲೆ 'ಶ್ರೀ', ಬಲಗಡೆ 'ಕ್ಷೇಮ', ಆಮೇಲೆ 'ಚಿ. ಸೌ.' ಅಂತ ಶುರುವಾಗಿ ಆಶೀರ್ವಾದ, ಅಡಕೆ ಕೊಯಿಲು, ಮಂಡಿನೋವು, ಹಸು ಕರು ಹಾಕಿದ್ದು, ಎಲ್ಲ ಒಂದರ ಹಿಂದೆ ಒಂದು. ಜಾಗ ಮುಗಿಯಿತು ಅನ್ನೋ ಹೊತ್ತಿಗೆ ಕಾರ್ಡನ್ನು ಅಡ್ಡ ತಿರುಗಿಸಿ ಅಂಚಿನಲ್ಲಿ ಎರಡು ಸಾಲು. ಅದೂ ಸಾಲದೆ ವಿಳಾಸದ ಪಕ್ಕ, ಇರುವೆ ಸಾಲಿನಷ್ಟು ಸಣ್ಣಗೆ ಒಂದು 'ತಾ.ಕ.' ನಮ್ಮ ಕಡೆ ಕಾಗದದ ಜೀವ ಇರೋದೇ ಈ ತಾಜಾ ಕಲಮಿನಲ್ಲಿ. ಅದರಲ್ಲಿ ಏನಿತ್ತು ಅಂತ ಆಮೇಲೆ ಹೇಳ್ತೀನಿ.

ನನ್ನನ್ನು ನಿಲ್ಲಿಸಿದ್ದು ವಿಳಾಸ. ನನ್ನ ಹೆಸರು, ಅದರ ಕೆಳಗೆ ನಮ್ಮ ಮಾವನವರ ಕಾಲದ ಮನೆ ಹೆಸರು 'ಶ್ರೀನಿಲಯ', ಬಸವನಗುಡಿ, ಬೆಂಗಳೂರು-4. ಅಷ್ಟೇ. ರಸ್ತೆ ಇಲ್ಲ, ನಂಬರು ಇಲ್ಲ, ಪಿನ್‌ಕೋಡ್ ಇಲ್ಲ, ಮೊಬೈಲ್ ನಂಬರಂತೂ ಇಲ್ಲವೇ ಇಲ್ಲ. ಆದರೂ ಬಂತು ನೋಡಿ!

ಈ 'ನಾಲ್ಕು' ಇದೆಯಲ್ಲ, ಇದು ನಮ್ಮ ಕಡೆಯವರಿಗೆ ಬರೀ ಅಂಕಿ ಅಲ್ಲ. ಪಿನ್‌ಕೋಡ್ ಬರುವುದಕ್ಕೆ ಮುಂಚೆ ಬೆಂಗಳೂರಿನ ಬಡಾವಣೆಗಳಿಗೆ ಅಂಚೆಯವರು ಕೊಟ್ಟಿದ್ದ ಸಂಖ್ಯೆ. ಮಲ್ಲೇಶ್ವರ ಬೆಂಗಳೂರು-3, ನಾವು ಬೆಂಗಳೂರು-4, ಚಾಮರಾಜಪೇಟೆ ಬೆಂಗಳೂರು-18. ಹಳೇ ಕನ್ನಡ ಪುಸ್ತಕ ಯಾವುದಾದರೂ ಮನೇಲಿದ್ದರೆ ಮೊದಲ ಪುಟ ತೆಗೆದು ನೋಡಿ, ಪ್ರಕಾಶಕರ ಹೆಸರಿನ ಕೆಳಗೆ ಇಂಥದೊಂದು ಅಂಕಿ ಕೂತಿರುತ್ತದೆ. ಮದುವೆ ಲಗ್ನಪತ್ರಿಕೆಯಲ್ಲೂ ಅಷ್ಟೇ. "ಹುಡುಗಿ ಕಡೆಯವರು ಮೂರಂತೆ, ಹುಡುಗನ ಕಡೆಯವರು ನಾಲ್ಕಂತೆ" ಅಂದರೆ ಅಡುಗೆಗೆ ಯಾರನ್ನು ಕರೆಸುತ್ತಾರೆ ಅನ್ನೋವರೆಗೆ ಲೆಕ್ಕ ಹಾಕಿಬಿಡುತ್ತಿದ್ದರು ನಮ್ಮ ಅತ್ತೆಯವರು. ಮೂರು ದೊಡ್ಡದೋ ನಾಲ್ಕು ದೊಡ್ಡದೋ ಅನ್ನೋ ವಾದ ಮಾತ್ರ ಇವತ್ತಿಗೂ ಮುಗಿದಿಲ್ಲ, ಅಲ್ವಾ?

1972ರ ಆಗಸ್ಟ್ 15ಕ್ಕೆ ಪಿನ್‌ಕೋಡ್ ಬಂತು. ಅದನ್ನು ಹೊಂದಿಸಿದವರು ಶ್ರೀರಾಮ ಭಿಕಾಜಿ ವೇಲಣಕರ್. ಕೇಂದ್ರದ ಸಂಪರ್ಕ ಸಚಿವಾಲಯದಲ್ಲಿ ದೊಡ್ಡ ಅಧಿಕಾರಿ. ಜೊತೆಗೆ ಸಂಸ್ಕೃತ ಕವಿ! ಇದನ್ನು ಕೇಳಿದ ಮೇಲೆ ಆ ಆರು ಅಂಕಿ ನನಗೆ ಒಂದು ಅಚ್ಚುಕಟ್ಟಾದ ವೃತ್ತದ ಹಾಗೆ ಕಾಣೋಕೆ ಶುರುವಾಯಿತು. ಮೊದಲ ಐದು ಅಂದರೆ ನಮ್ಮ ಈ ದಕ್ಷಿಣದ ವಲಯ, ಐವತ್ತಾರು ಅಂದರೆ ಕರ್ನಾಟಕದ ಒಂದು ಪಾಲು, ಐನೂರ ಅರವತ್ತು ಅಂದರೆ ಬೆಂಗಳೂರು. ಉಳಿದ ಮೂರು ಅಂಕಿ ಕಾಗದ ಹಂಚುವ ಕಚೇರಿಯದು. ನಮ್ಮದು 560004. ಮಲ್ಲೇಶ್ವರದ್ದು 560003, ಚಾಮರಾಜಪೇಟೆಯದು 560018. ಹಳೆಯ ಅಂಕಿಯನ್ನು ಅವರು ಕಿತ್ತು ಬಿಸಾಡಲಿಲ್ಲ ನೋಡಿ, ಕೊನೆಯಲ್ಲಿ ಹಾಗೇ ಜೋಪಾನವಾಗಿ ಕೂರಿಸಿದರು. ಹೊಸ ಮನೆ ಕಟ್ಟುವಾಗ ಹಳೇ ಮನೆಯ ದೇವರಕೋಣೆಯ ಬಾಗಿಲನ್ನು ತಂದು ಜೋಡಿಸ್ತಾರಲ್ಲ, ಹಾಗೆ. ಸೋದರತ್ತೆಯ 'ನಾಲ್ಕು' ದಾರಿ ತಪ್ಪದೆ ಬಂದದ್ದು ಸುಮ್ಮನೆ ಅಲ್ಲ.

ನಾಲ್ಕು ಅಂತ ಹೆಮ್ಮೆಪಡೋ ನಾವು ಒಂದು ಕಾಲಕ್ಕೆ ಶುದ್ಧ ಹಳ್ಳಿ. ಬಸವನ ಗುಡಿಯ ಸುತ್ತ ಇದ್ದದ್ದು ಸುಂಕೇನಹಳ್ಳಿಯ ಕಡಲೆಕಾಯಿ ಹೊಲ. 1892ರಲ್ಲಿ ಚಾಮರಾಜಪೇಟೆ ಬಂತು. 1898ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟಿನಲ್ಲಿ ಜನ ಸಾಯತೊಡಗಿದ ಮೇಲೆ, ಗಾಳಿ ಬೆಳಕು ಬೇಕು ಅಂತ ಬಸವನಗುಡಿ, ಮಲ್ಲೇಶ್ವರ ಬೆಳೆದವು. ಪೇಟೆಯಲ್ಲಿ ಗಲ್ಲಿಯ ಹೆಸರು ಹೇಳಿದರೆ ಸಾಕಿತ್ತು. ಇಲ್ಲಿ ನೋಡಿದರೆ ಅಳತೆಪಟ್ಟಿ ಹಿಡಿದು ಗೆರೆ ಎಳೆದ ರಸ್ತೆ, ಅಡ್ಡರಸ್ತೆ. ಒಂದರ ಹಾಗೇ ಇನ್ನೊಂದು. ಬಂದವರೆಲ್ಲ ಹೊಸಬರು, ಪಕ್ಕದ ಮನೆಯವರ ಗುರುತೂ ಇಲ್ಲ. ಅಂಥ ಜಾಗ ಊರಾಗಬೇಕಾದರೆ, ಯಾರು ಎಲ್ಲಿದ್ದಾರೆ ಅಂತ ತಿಳಿದವನೊಬ್ಬ ದಿನಾ ಮನೆಮನೆ ಬಾಗಿಲಿಗೆ ಬರಬೇಕು. ಬರುತ್ತಿದ್ದವನು ಪೋಸ್ಟ್‌ಮನ್ನೇ ತಾನೇ?

ಕಡಲೆಕಾಯಿ ಹೊಲ ಅಂದೆನಲ್ಲ, ನಮ್ಮ ಕಡಲೆಕಾಯಿ ಪರಿಷೆ ನೆನಪಾಯಿತು. ಕಾರ್ತಿಕ ಮಾಸದ ಕಡೇ ಸೋಮವಾರ ಬುಲ್ ಟೆಂಪಲ್ ರಸ್ತೆಯಲ್ಲಿ ಕಾಲಿಡೋಕೆ ಜಾಗ ಇರೋಲ್ಲ. ನಮ್ಮ ಆಗಿನ ಪೋಸ್ಟ್‌ಮನ್ ಸೈಕಲ್ಲನ್ನು ಎಲ್ಲೋ ಒರಗಿಸಿ, ಚೀಲವನ್ನು ಎದೆಗೆ ಅವಚಿಕೊಂಡು, ಕಡಲೆಕಾಯಿ ರಾಶಿಗಳ ನಡುವೆ ದಾಟಿ ಬರೋನು. ಆ ವಾರ ಬಂದ ಕಾಗದಗಳಿಗೆಲ್ಲ ಹುರಿದ ಕಡಲೆಕಾಯಿಯ ಘಮ. ನಮ್ಮ ಮಗ ಚಿಕ್ಕವನಿದ್ದಾಗ ಕಾಗದವನ್ನು ಮೊದಲು ಮೂಸಿ ನೋಡಿ ಆಮೇಲೆ ಕೈಗೆ ಕೊಡುತ್ತಿದ್ದ. ಇರಲಿ, ಎಲ್ಲಿದ್ದೆ ನಾನು? ಹಾಂ, ಅಂಚೆ.

'ಅಂಚೆ' ಅನ್ನೋ ಮಾತನ್ನು ಎಂದಾದರೂ ನಿಂತು ನೋಡಿದ್ದೀರಾ? ಹಳಗನ್ನಡದಲ್ಲಿ ಅಂಚೆ ಅಂದರೆ ಹಂಸ. ಹಂಸ ಅನ್ನೋದೇ ಕನ್ನಡದ ಬಾಯಲ್ಲಿ ನುಣುಪಾಗಿ ಅಂಚೆ ಆಯಿತು. ನಳನ ಸುದ್ದಿಯನ್ನು ದಮಯಂತಿಗೆ ಮುಟ್ಟಿಸಿದ್ದು ಯಾರು? ಹಂಸವೇ. ನಿಘಂಟು ತೆಗೆದರೆ ಹಂಸವೂ ಟಪಾಲೂ ಒಂದೇ ಪದದಲ್ಲಿ ಅಕ್ಕಪಕ್ಕದ ಮನೆಯವರ ಹಾಗೆ ಕೂತಿವೆ. ಇಂಗ್ಲಿಷಿನ 'ಪೋಸ್ಟ್' ಕಂಬದ ಹಾಗೆ ನಿಂತಿರುತ್ತದೆ, ನಮ್ಮ ಅಂಚೆಗೆ ರೆಕ್ಕೆ ಇದೆ. ನಮ್ಮ ಪೇಟೆಯೊಳಗೆ ಒಂದು ಅಂಚೆಪೇಟೆಯೇ ಇದೆಯಲ್ಲ. ಅಲ್ಲಿ ನಡೆಯುವಾಗೆಲ್ಲ ಇಷ್ಟು ಜನಜಂಗುಳಿಯ ನಡುವೆ ಎಂಥ ಹಳೇ ಮಾತು ಉಳಿದುಕೊಂಡಿದೆ ಅನ್ನಿಸುತ್ತದೆ.

ಮೈಸೂರು ಅಂಚೆ ಹುಟ್ಟಿದ್ದು ಹದಿನೇಳನೇ ಶತಮಾನದಲ್ಲಿ, ಚಿಕ್ಕದೇವರಾಜ ಒಡೆಯರ ಕಾಲದಲ್ಲಿ. ಬ್ರಿಟಿಷರ ಟಪಾಲಿಗಿಂತ ಎಷ್ಟೋ ಹಿಂದಿನದು. ಹೋಬಳಿಯಿಂದ ಹೋಬಳಿಗೆ ಓಲೆ ಚೀಲ ಹೊತ್ತು ಹರಿಕಾರರು ಓಡುತ್ತಿದ್ದರು. ಆದರೆ ಆ ಅಂಚೆಯವರಿಗೆ ಇನ್ನೊಂದು ಕೆಲಸವೂ ಇತ್ತು. ಊರಲ್ಲಿ ಯಾರು ಏನು ಮಾತಾಡ್ತಿದ್ದಾರೆ, ಎಲ್ಲಿ ಏನು ಗುಸುಗುಸು, ಅದನ್ನೂ ಕಿವಿಗೆ ಹಾಕಿಕೊಂಡು ಅರಮನೆಗೆ ಮುಟ್ಟಿಸಬೇಕು. ಹೈದರನ ಕಾಲದಲ್ಲಿ ಆ ಬೇಹಿನ ಕೆಲಸ ಇನ್ನಷ್ಟು ಬಿಗಿಯಾಯಿತು. ಅಂದರೆ ಅಂಚೆಯವನು ಬಂದ ಅಂದರೆ ಜನ ಬಾಯಿ ಮುಚ್ಚಿಕೊಳ್ಳೋ ಕಾಲ ಅದು. ಹೀಗೇ ಇನ್ನೂರು ವರ್ಷಕ್ಕೂ ಮಿಕ್ಕಿ ನಡೆದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಯಿತು. ಇಲಾಖೆ ಹೋಯಿತು, ಹೆಸರು ಮಾತ್ರ ಉಳಿಯಿತು. ಇವತ್ತಿಗೂ ನಾವು ಅಂಚೆ ಕಚೇರಿ ಅಂತಲೇ ಅನ್ನೋದು.

ನನಗೆ ಆಶ್ಚರ್ಯ ಆಗೋದು ಇಲ್ಲಿ ನೋಡಿ. ಊರಿನ ಗುಟ್ಟನ್ನೆಲ್ಲ ಆಲಿಸಿ ದೊರೆಗೆ ಹೇಳೋದಕ್ಕೆ ಅಂತ ಶುರುವಾದ ಕೆಲಸ, ನಮ್ಮ ಕಾಲಕ್ಕೆ ಬರೋ ಹೊತ್ತಿಗೆ ಊರಿನ ಗುಟ್ಟನ್ನೆಲ್ಲ ತಿಳಿದೂ ಯಾರಿಗೂ ಹೇಳದ ಕೆಲಸವಾಗಿತ್ತು! 1879ರಲ್ಲಿ ಕಾಲಾಣೆಯ ಕಾರ್ಡು ಬಂದ ಮೇಲಂತೂ ಬರೆದದ್ದೆಲ್ಲ ಅಂಗೈ ಮೇಲೆ ತೆರೆದಿಟ್ಟ ಹಾಗೆ. ಯಾರ ಮನೆಗೆ ಗಂಡು ನೋಡೋಕೆ ಬರ್ತಾರೆ, ಯಾರ ಸಾಲದ ಬಡ್ಡಿ ಬಾಕಿ, ಯಾರ ಮಗ ಪರೀಕ್ಷೆಯಲ್ಲಿ ಡುಮ್ಕಿ, ಎಲ್ಲ ಆ ಖಾಕಿ ಚೀಲದಲ್ಲಿ. ನಾಲ್ಕು ಮೂಲೆಗೆ ಅರಿಶಿನ ಹಚ್ಚಿದ ಕಾರ್ಡಾದರೆ ದೂರದಿಂದಲೇ ಗೊತ್ತು, ಶುಭ. ಸಾವಿನ ಸುದ್ದಿಯ ಕಾಗದವನ್ನು ಓದಿದ ತಕ್ಷಣ ಹರಿದುಹಾಕೋದು ನಮ್ಮಲ್ಲಿ ಪದ್ಧತಿ, ಹೊಸ್ತಿಲೊಳಗೆ ತರೋ ಹಾಗಿಲ್ಲ. ನಮ್ಮ ಪೋಸ್ಟ್‌ಮನ್ ಅಂಥ ಕಾಗದವಿದ್ದ ದಿನ ಗೇಟಿನ ಹೊರಗೇ ನಿಲ್ಲೋನು. ಸೈಕಲ್ ಬೆಲ್ ಹೊಡೆಯೋನಲ್ಲ. "ಯಜಮಾನರು ಇದಾರಾಮ್ಮ?" ಅಂತ ಮೆತ್ತಗೆ ಕೇಳೋನು. ಬೆಲ್ ಕೇಳಿಸದೆ ಅವನ ದನಿ ಕೇಳಿಸಿದರೆ ನಮ್ಮತ್ತೆ ಸೌಟು ಕೆಳಗಿಡೋರು. ಆದರೆ ಪಕ್ಕದ ಬೀದಿಗೆ ಹೋಗಿ ಆ ಸುದ್ದಿಯನ್ನು ಅವನು ಯಾರ ಹತ್ತಿರವೂ ಆಡಿದ್ದನ್ನು ನಾವ್ಯಾರೂ ಕೇಳಿಲ್ಲ.

ನಮ್ಮ ಅಜ್ಜಿಯ ಊರಿನ ಅಂಚೆ ಇನ್ನೂ ಸೊಗಸು. ಮಾಗಡಿ ಕಡೆಯ ಹಳ್ಳಿ. ಅಂಚೆ ಕಚೇರಿ ಅಂದರೆ ಮೇಷ್ಟರ ಮನೆಯ ಜಗಲಿ, ಅಷ್ಟೇ. ಒಂದು ಮರದ ಪೆಟ್ಟಿಗೆ, ಒಂದು ಪುಟ್ಟ ತಕ್ಕಡಿ, ಮಸಿಯ ದಿಂಡು, ದಿನಾ ತಾರೀಖಿನ ಅಚ್ಚು ಬದಲಾಯಿಸಬೇಕಾದ ಸೀಲು. ಹನ್ನೊಂದು ಗಂಟೆ ಬಸ್ಸಿಗೆ ಚೀಲ ಬರೋದು. ಮೇಷ್ಟರು ಅದರ ಬಾಯಿಯ ಅರಗು ಒಡೆದು, ಕಾಗದಗಳನ್ನು ಜೋಡಿಸಿ, ಠಪ್ ಠಪ್ ಅಂತ ಸೀಲು ಹೊಡೆಯೋಕೆ ಶುರು ಮಾಡಿದರೆ ಆ ಶಬ್ದಕ್ಕೇ ಜನ ಸೇರೋರು. ನಾವು ಮಕ್ಕಳು ಜಗಲಿ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ಲೆಕ್ಕ ಹಾಕೋದು, ಇವತ್ತು ಎಷ್ಟು ಠಪ್ ಅಂತ.

ಓದೋಕೆ ಬಾರದವರೇ ಹೆಚ್ಚು. ಮೇಷ್ಟರೇ ಓದಿ ಹೇಳಬೇಕು. ಒಳ್ಳೇ ಸುದ್ದಿಯಾದರೆ ಎಲ್ಲರಿಗೂ ಕೇಳೋ ಹಾಗೆ ಗಟ್ಟಿಯಾಗಿ ಓದೋರು. ಕೆಟ್ಟ ಸುದ್ದಿ ಇದ್ದರೆ ಮಾತ್ರ ಕಾಗದವನ್ನು ಮಡಿಲಲ್ಲಿಟ್ಟುಕೊಂಡು, ಒಳಗಡೆ ತಿರುಗಿ, "ಒಂದು ಲೋಟ ನೀರು ತಗೊಂಬಾ" ಅಂತ ಹೆಂಡತಿಗೆ ಹೇಳೋರು. ನೀರು ಬರಬೇಕು, ಬಂದವರು ಕುಡಿಯಬೇಕು, ಆಮೇಲೆ ಅವರನ್ನು ಒಳಗೆ ಕರೆದುಕೊಂಡುಹೋಗಿ ಮೆಲ್ಲಗೆ ಓದಿ ಹೇಳೋರು. ಎಷ್ಟರಮಟ್ಟಿಗೆ ಅಂದರೆ ಆ ಊರಲ್ಲಿ ಮೇಷ್ಟರು ನೀರು ಕೇಳಿದರೆ ಜಗಲಿಯಲ್ಲಿದ್ದವರೆಲ್ಲ ಗಪ್‌ಚಿಪ್. ಒಂದು ಸಲ ಅವರಿಗೇ ಬಾಯಾರಿಕೆಯಾಗಿ ನೀರು ಕೇಳಿದರಂತೆ, ಎದುರಿಗಿದ್ದ ಹೆಂಗಸು ಅಳೋಕೆ ಶುರು ಮಾಡಿಬಿಟ್ಟಳಂತೆ! ಅಜ್ಜಿ ಈ ಕಥೆ ಹೇಳಿ ಹೇಳಿ ನಗೋರು. ಆದರೆ ಕೊನೇಲಿ ಸೆರಗಿನಿಂದ ಕಣ್ಣನ್ನೂ ಒರೆಸಿಕೊಳ್ಳೋರು.

ಇವತ್ತಿಗೂ ನಮ್ಮ ದೇಶದಲ್ಲಿ ಹತ್ತಿರ ಹತ್ತಿರ 1 ಲಕ್ಷ 65 ಸಾವಿರ ಅಂಚೆ ಕಚೇರಿಗಳಿವೆ. ನೂರಕ್ಕೆ ತೊಂಬತ್ತರಷ್ಟು ಹಳ್ಳಿಗಳಲ್ಲೇ. ಅದರಲ್ಲಿ ಎಷ್ಟೋ ಇಂಥ ಜಗಲಿಯ, ಪಡಸಾಲೆಯ ಕಚೇರಿಗಳೇ. ಹಲಸೂರಿನ ಹತ್ತಿರ ಕೇಂಬ್ರಿಡ್ಜ್ ಲೇಔಟಿನಲ್ಲಿ 2023ರಲ್ಲಿ ಯಂತ್ರದಿಂದ ಕಾಂಕ್ರೀಟನ್ನು ಪದರ ಪದರವಾಗಿ ಸುರಿದು 43 ದಿನದಲ್ಲಿ ಒಂದು ಅಂಚೆ ಕಚೇರಿ ಕಟ್ಟಿದರಲ್ಲ, ದೇಶಕ್ಕೇ ಮೊದಲನೆಯದು, ಅದನ್ನೂ ಹೋಗಿ ನೋಡಿಕೊಂಡು ಬಂದೆ. ಗೋಡೆಯ ಗೆರೆಗಳು ಚಕ್ಕುಲಿ ಒತ್ತಿದ ಹಾಗೆ ಚಂದವಾಗಿವೆ. ಕೈಯಿಟ್ಟು ಸವರಿದೆ. ನಂಗೇನೋ ಮೇಷ್ಟರ ಜಗಲಿಯೂ ಅದೂ ಒಂದೇ ಮನೆತನದ್ದು ಅನ್ನಿಸಿತು.

ಮಾಲ್ಗುಡಿಯ ತಾನಪ್ಪ ನೆನಪಿದ್ದಾನಲ್ಲ? ಆರ್.ಕೆ. ನಾರಾಯಣರ 'ಮಿಸ್ಸಿಂಗ್ ಮೇಲ್' ಕಥೆಯ ಪೋಸ್ಟ್‌ಮನ್. ಮಲ್ಲೇಶ್ವರದ ತಲೆ, ಬಸವನಗುಡಿಯ ಬಾಲ ಸೇರಿ ಮಾಲ್ಗುಡಿ ಆಯಿತು ಅಂತ ನಮ್ಮವರು ಹೇಳಿಕೊಂಡು ಓಡಾಡ್ತಾರಲ್ಲ, ಹಾಗಾಗಿ ತಾನಪ್ಪ ಮೂರಕ್ಕೂ ನಾಲ್ಕಕ್ಕೂ ಸೇರಿದವನು, ಜಗಳ ಬೇಡ. ಶಂಕರನಾಗ್ ಆಗುಂಬೆಯಲ್ಲಿ ತೆಗೆದ ಧಾರಾವಾಹಿಯಲ್ಲೂ ಆ ಕಥೆ ಬಂದಿತ್ತು. ಮಗಳ ಮದುವೆಯ ಹೊತ್ತಿಗೆ ಚಿಕ್ಕಪ್ಪನ ಕಾಯಿಲೆಯ ಕಾರ್ಡು, ಹಿಂದೆಯೇ ಸಾವಿನ ತಂತಿ ಬರುತ್ತದೆ. ಆ ಮುಹೂರ್ತ ತಪ್ಪಿದರೆ ಆ ಸಂಬಂಧವೇ ತಪ್ಪಿಹೋಗುತ್ತದೆ. ತಾನಪ್ಪ ಎರಡನ್ನೂ ತನ್ನ ಹತ್ತಿರವೇ ಇಟ್ಟುಕೊಳ್ಳುತ್ತಾನೆ. ಮದುವೆ ಮುಗಿದ ಮೇಲೆ ತಾನೇ ತಂದು ಕೊಟ್ಟು, ಬೇಕಾದರೆ ದೂರು ಕೊಡಿ ಅನ್ನುತ್ತಾನೆ. ಆ ತಂದೆ ದೂರು ಕೊಡುವುದಿಲ್ಲ. ತಾನಪ್ಪ ಮಾಡಿದ್ದು ಸರಿಯೇ ಅಂತ ನಮ್ಮ ಮನೇಲಿ ಒಂದು ವಾರ ಚರ್ಚೆ ನಡೆದಿತ್ತು. ಮಾವನವರು "ತಪ್ಪು, ಕಾಗದ ಅವನದ್ದಲ್ಲ" ಅಂದರು. ಅತ್ತೆಯವರು "ಮದುವೆ ಅವನದ್ದೂ ಆಗಿತ್ತಲ್ಲ" ಅಂದರು. ನನ್ನ ಓಟು ಅತ್ತೆಗೇ. ಬೀದಿಯ ಮಕ್ಕಳನ್ನೆಲ್ಲ ಹುಟ್ಟಿನಿಂದ ನೋಡಿದವನು ಅವನು. ಬರೀ ಕಾಗದ ಕೊಟ್ಟು ಹೋಗೋ ಆಸಾಮಿಯಲ್ಲ, ಅಲ್ವಾ?

ಮನಿಆರ್ಡರಿನ ಗತ್ತೇ ಬೇರೆ. ನೋಟುಗಳನ್ನು ಎರಡೆರಡು ಸಲ ಎಣಿಸಿ ಕೊಟ್ಟು, ಸಹಿ ಬಾರದವರ ಹೆಬ್ಬೆಟ್ಟನ್ನು ತಾನೇ ಹಿಡಿದು ಒತ್ತಿಸಿ, ಕೆಳಗಿನ ಚೀಟಿಯಲ್ಲಿ ಮಗ ಬರೆದ ಎರಡು ಸಾಲು ಓದಿ ಹೇಳಿ ಹೋಗೋನು. ನಮ್ಮ ಹಿತ್ತಲಿನ ಕೋಣೆಯಲ್ಲಿದ್ದ ಒಬ್ಬ ಅಜ್ಜಿಗೆ ತಿಂಗಳಿಗೊಮ್ಮೆ ಹಣ ಬರೋದು. ದುಡ್ಡನ್ನು ಅವರು ಮೊದಲು ನೋಡುತ್ತಿರಲಿಲ್ಲ. "ಏನು ಬರೆದಿದ್ದಾನಪ್ಪಾ?" ಅಂತ ಕೇಳೋರು. ಏನೂ ಬರೆಯದೆ ಬರೀ ಹಣ ಬಂದ ತಿಂಗಳಲ್ಲೂ ಆ ಪೋಸ್ಟ್‌ಮನ್ ಚೀಟಿಯನ್ನು ಕಣ್ಣ ಹತ್ತಿರ ಹಿಡಿದು, "ಹುಷಾರಾಗಿರಿ ಅಂತ ಬರೆದವ್ರೆ ಅಜ್ಜಿ" ಅಂತ ಓದೋನು. ನಾನು ಹಿಂದೆ ನಿಂತು ಆ ಖಾಲಿ ಚೀಟಿಯನ್ನು ಕಣ್ಣಾರೆ ನೋಡಿದ್ದೇನೆ. ಇವತ್ತು ಮೊದಲ ಸಲ ಹೊರಗೆ ಹೇಳ್ತಿದ್ದೇನೆ. ಅಜ್ಜಿ ಈಗಿಲ್ಲ, ಹೇಳಬಹುದು.

2013ರ ಜುಲೈ 15ಕ್ಕೆ ತಂತಿ ನಿಂತಿತು. ತಂತಿ ಅಂದರೇ ಎದೆ ಧಸಕ್ ಅನ್ನುತ್ತಿದ್ದ ಕಾಲ ಮುಗಿಯಿತು ಅಂತ ಯಾರಿಗೂ ಅಷ್ಟೇನೂ ಬೇಜಾರಾಗಲಿಲ್ಲ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟು ಸ್ಪೀಡ್ ಪೋಸ್ಟಿನೊಳಗೆ ಸೇರಿಹೋದಾಗ ಮಾತ್ರ ನನಗೆ ಕಸಿವಿಸಿಯಾಯಿತು. ರಿಜಿಸ್ಟರ್ ಮಾಡಿ ಬಂದೆ ಅನ್ನೋದರಲ್ಲಿ ಬೀಗ ಹಾಕಿ ಎಳೆದು ನೋಡಿದಷ್ಟು ನೆಮ್ಮದಿ ಇತ್ತು. ಕಾಲ ಬದಲಾಗುತ್ತದೆ, ಆಗಲಿ. 50 ಪೈಸೆಯ ಕಾರ್ಡು ಇನ್ನೂ ಇದೆಯಲ್ಲ, ಸೋದರತ್ತೆಗೆ ಅಷ್ಟು ಸಾಕು.

ಆ ಕಾರ್ಡು ನಮ್ಮ ಮನೆ ಹೇಗೆ ಹುಡುಕಿತು ಅನ್ನೋದು ನನಗೆ ಕೊರೀತಾನೇ ಇತ್ತು. ನಿನ್ನೆ ಪೋಸ್ಟ್‌ಮನ್ ಸಿಕ್ಕಿದಾಗ ಕೇಳಿಯೇಬಿಟ್ಟೆ. ಹೊಸ ಹುಡುಗ, ಬಂದು ವರ್ಷವೂ ಆಗಿಲ್ಲ. "ನಂಬರು ನೋಡಿದ್ರೆ ಕಷ್ಟ ಅಮ್ಮ. ಈ ಏರಿಯಾದಲ್ಲಿ ಒಂದು ಮನೆಗೆ ಹಳೇ ನಂಬರು, ಹೊಸ ನಂಬರು, ಅದಕ್ಕಿಂತ ಹಳೇ ನಂಬರು, ಮೂರ್ಮೂರು ಇರತ್ತೆ. ನಿಮ್ಮ ಗೇಟಿನ ಕಂಬದ ಮೇಲೆ ಕಲ್ಲಲ್ಲಿ ಶ್ರೀನಿಲಯ ಅಂತ ಕೆತ್ತಿದೆಯಲ್ಲ, ದಿನಾ ನೋಡ್ತೀನಿ" ಅಂದ. ಮಾವನವರು ಕೆತ್ತಿಸಿದ್ದು. ಎಷ್ಟೋ ಸಲ ಗೇಟು ಬದಲಾಯಿಸಿದೆವು, ಕಂಬ ಮುಟ್ಟಲಿಲ್ಲ. ಪಕ್ಕದಲ್ಲಿ ಹಳೇ ಮನೆ ಕೆಡವಿ ಅಪಾರ್ಟ್‌ಮೆಂಟ್ ಎದ್ದಿದೆ. ಅಲ್ಲಿ ಹನ್ನೆರಡು ಮನೆ, ಕೆಳಗೆ ಹನ್ನೆರಡು ಡಬ್ಬ. ಬಹುಪಾಲು ಡಬ್ಬಗಳ ಮೇಲೆ ಹೆಸರೇ ಇಲ್ಲ. ಅಲ್ಲಿಗೆ ಬಂದ ಕಾಗದ ಹಿಡಿದು ಅವನು ಮಹಡಿ ಮಹಡಿ ಹತ್ತಿ ಕೇಳಿಕೊಂಡು ಬರಬೇಕು. ಹಾಗೇ ಹತ್ತುತ್ತಾನೆ, ಪಾಪ.

ಇನ್ನು ಆ ತಾ.ಕ. ಹೇಳ್ತೀನಿ ಅಂದಿದ್ದೆನಲ್ಲ. "ಪಕ್ಕದ ಮನೆ ರಾಯರನ್ನು ಕೇಳಿದೆ ಅಂತ ಹೇಳು" ಅಂತ ಬರೆದಿದ್ದರು. ಗೋಡೆ ಹತ್ತಿರ ಹೋಗಿ ಹೇಳಿದೆ. ರಾಯರ ಮುಖ ಅರಳಿತು. "ಹೌದಾ? ನಾನು ನೋಡಲೇ ಇಲ್ಲಮ್ಮ" ಅಂದರು. ನೋಡಿದ್ದರೋ ಇಲ್ಲವೋ, ನಾನು ಕೇಳೋದಕ್ಕೆ ಹೋಗಲಿಲ್ಲ. ತನ್ನ ಹೆಸರಿದ್ದ ಸುದ್ದಿಯನ್ನು ಎರಡು ದಿನ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದರೆ ಅದೇ ದೊಡ್ಡದು, ಅಲ್ವಾ?

ನಿಮ್ಮನ್ನು ನಾನು ಕೇಳಿಕೊಳ್ಳೋದು ಇಷ್ಟೇ. ಇವತ್ತು ಸಂಜೆ ಒಂದು ಸಲ ಹೊರಗೆ ಬಂದು ನಿಮ್ಮ ಗೇಟನ್ನೋ, ಕೆಳಗಿನ ಡಬ್ಬವನ್ನೋ ನೋಡಿ. ಹೆಸರಿಲ್ಲದಿದ್ದರೆ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ ಬರೆಸಿ. ಮನೆಗೊಂದು ಹೆಸರಿದ್ದರೆ ಅದನ್ನೂ ಬರೆಸಿ. ಅಳಿಸದ ಬಣ್ಣದಲ್ಲಿ ಬರೆಸಿ. ಬಿಸಿಲಲ್ಲಿ ಚೀಲ ಹೊತ್ತು ಬರುವವನಿಗೆ ನಾವು ಮಾಡಬಹುದಾದ ಉಪಕಾರ ಅಷ್ಟೇ.